ಓದುಗರ ಪ್ರಶ್ನೆ, ನಮ್ಮ ಉತ್ತರ: ರೇಡಿಯೊ ಜೆಟ್ ಹಾರಿಸಬೇಕೆನ್ನುವವರಿಗೆ

ರೇಡಿಯೊ ನಿಯಂತ್ರಿತ (ಆರ್‌ಸಿ) ಮಾಡೆಲ್ ಜೆಟ್ ವಿಮಾನಗಳ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ‘ಯಾವುದನ್ನು ಕೊಳ್ಳಲಿ?’ ಎಂಬಲ್ಲಿಗೇ ನಿಲ್ಲುತ್ತವೆ. ಕೊಳ್ಳುವುದು ಸುಲಭದ ಕೆಲಸ. ಕೊಂಡದ್ದನ್ನು ಇಡಿಯಾಗಿ ಇಳಿಸುವುದು ಹೇಗೆಂದು ಕೇಳಿದವರಿಗೆ ಈ ಸಲ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ಇದುವರೆಗೆ ಯಾವ ಆರ್‌ಸಿ ವಿಮಾನವನ್ನೂ ಹಾರಿಸಿಲ್ಲ. ನೇರವಾಗಿ ಜೆಟ್‌ನಿಂದಲೇ ಶುರು ಮಾಡಬಹುದೇ? ಈಗಿನವುಗಳಲ್ಲಿ ಗೈರೊ ಇರುತ್ತದಲ್ಲ?

ಬೇಡ. ಗಾಳಿಯ ಹೊಡೆತಕ್ಕೆ ರೆಕ್ಕೆ ಓಲಾಡದಂತೆ ಗೈರೊ ನೋಡಿಕೊಳ್ಳುತ್ತದೆ, ನಿಜ. ಆದರೆ ವೇಗ ಕಳೆದುಕೊಂಡ ವಿಮಾನವನ್ನು ಎತ್ತಿ ಹಿಡಿಯುವ ತಾಕತ್ತು ಅದಕ್ಕಿಲ್ಲ.

ಲೆಕ್ಕ ಹಾಕಿ ನೋಡಿ. 30 ಚದರ ಡೆಸಿಮೀಟರ್ ರೆಕ್ಕೆ, 1.3 ಕಿಲೊ ತೂಕದ ಕಲಿಕೆಯ ವಿಮಾನ ಗಂಟೆಗೆ ಸುಮಾರು 30 ಕಿ.ಮೀ. ವೇಗದವರೆಗೂ ತೇಲುತ್ತದೆ. ಅಷ್ಟೇ ರೆಕ್ಕೆಯ ಮೇಲೆ 3 ಕಿಲೊ ಹೊತ್ತ ಜೆಟ್ 46 ಕಿ.ಮೀ.ಗಿಂತ ಕೆಳಗಿಳಿದರೆ ಕುಸಿಯುತ್ತದೆ. ಮೇಲೆ ಅದರ ಸಾಮಾನ್ಯ ಓಟವೇ 150 ಕಿ.ಮೀ. ಇರಬಹುದು, ಅಂದರೆ ಸೆಕೆಂಡಿಗೆ 42 ಮೀಟರ್. ‘ಈಗ ಎಡಕ್ಕೋ ಬಲಕ್ಕೋ’ ಎಂದು ನೀವು ಮೂರು ಸೆಕೆಂಡು ತಡವರಿಸಿದರೆ ಅದು 125 ಮೀಟರ್ ಆಚೆ ಹೋಗಿರುತ್ತದೆ. ಅಷ್ಟು ದೂರದಲ್ಲಿ ಒಂದು ಮೀಟರ್ ರೆಕ್ಕೆಯ ಬೂದು ಬಣ್ಣದ ಜೆಟ್ ನಿಮ್ಮ ಕಡೆ ಬರುತ್ತಿದೆಯೋ ನಿಮ್ಮಿಂದ ಹೋಗುತ್ತಿದೆಯೋ ತಿಳಿಯುವುದೇ ಕಷ್ಟ.

ಮೊದಲು ಸಿಮ್ಯುಲೇಟರ್. ಆಮೇಲೆ ರೆಕ್ಕೆ ಮೇಲಿರುವ ಫೋಮ್ ಟ್ರೈನರ್. ಅದರ ನಂತರ ಏಲರಾನ್ (ವಿಮಾನವನ್ನು ವಾಲಿಸುವ, ರೆಕ್ಕೆಯ ಹಿಂಬದಿಯ ಪಟ್ಟಿ) ಇರುವ, ರೆಕ್ಕೆ ಕೆಳಗಿರುವ ಪ್ರೊಪೆಲ್ಲರ್ ವಿಮಾನ. ಈ ಮೂರನೆಯದನ್ನು ರನ್‌ವೇಯ ಎರಡೂ ದಿಕ್ಕಿನಿಂದ, ಗುರುತು ಮಾಡಿದ ಜಾಗದ ಹತ್ತು ಮೀಟರ್ ಆಚೀಚೆ, ಸತತ ಹತ್ತು ಸಲ ಇಳಿಸಲು ಬಂದರೆ ಜೆಟ್ ಕೊಳ್ಳಿ. ಒಂಬತ್ತು ಸಲ ಸರಿಬಂದು ಹತ್ತನೆಯದು ತಪ್ಪಿದರೆ ಮತ್ತೆ ಒಂದರಿಂದ ಎಣಿಸಿ.

ಪ್ರಶ್ನೆ: ಇಡಿಎಫ್ ಎಂದರೇನು? ಅದು ನಿಜವಾದ ಜೆಟ್ಟೇ?

ಕೊಳವೆಯೊಳಗೆ ಕೂತ ಫ್ಯಾನ್, ಅದನ್ನು ತಿರುಗಿಸುವ ಬ್ರಷ್‌ಲೆಸ್ ಮೋಟರ್, ಜೊತೆಗೆ ಬ್ಯಾಟರಿ: ಇಷ್ಟೇ ಇಡಿಎಫ್ (ಎಲೆಕ್ಟ್ರಿಕ್ ಡಕ್ಟೆಡ್ ಫ್ಯಾನ್). ಬೆಂಕಿ ಇಲ್ಲ, ಹೊಗೆ ಇಲ್ಲ. ಟರ್ಬೈನ್ ಮಾತ್ರ ನಿಜವಾದ ಜೆಟ್ ಎಂಜಿನ್. ಅದರಲ್ಲಿ ಕಂಪ್ರೆಸರ್, ದಹನ ಕೋಣೆ, ಟರ್ಬೈನ್ ಚಕ್ರ ಮೂರೂ ಇರುತ್ತವೆ, ಸೀಮೆಎಣ್ಣೆ ಕುಡಿಯುತ್ತದೆ. ಜರ್ಮನಿಯ ಕರ್ಟ್ ಶ್ರೆಕ್ಲಿಂಗ್ ಮನೆಯ ಕಾರ್ಯಾಗಾರದಲ್ಲಿ ಮಾಡಬಹುದಾದ ಮಾಡೆಲ್ ಟರ್ಬೈನ್ ರೂಪಿಸಿದಾಗ ಅದರ ಕಂಪ್ರೆಸರ್ ಚಕ್ರ ಪ್ಲೈವುಡ್‌ನದು! ಈಗ ಆ ಸಾಹಸ ಯಾರಿಗೂ ಬೇಕಿಲ್ಲ; ಗುಂಡಿ ಒತ್ತಿದರೆ ತಾನೇ ಹೊತ್ತಿಕೊಳ್ಳುವ ಎಂಜಿನ್‌ಗಳು ಸಿದ್ಧವಾಗಿ ಸಿಗುತ್ತವೆ.

ಹಾರಿಸುವವನ ಕೈಗೆ ಎರಡರ ಗುಣವೂ ಒಂದೇ. ಪ್ರೊಪೆಲ್ಲರ್ ಇದ್ದರೆ ಅದು ತಳ್ಳಿದ ಗಾಳಿ ನೇರ ಬಾಲದ ಮೇಲೆ ಹರಿಯುತ್ತದೆ. ನಿಧಾನದಲ್ಲೂ ಎಲಿವೇಟರ್ (ಮೂತಿ ಏರಿಸಿ ಇಳಿಸುವ ಬಾಲದ ಪಟ್ಟಿ), ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವುದು) ಮಾತು ಕೇಳುತ್ತವೆ; ಥ್ರಾಟಲ್ (ಎಂಜಿನ್ ಶಕ್ತಿ) ಕೊಟ್ಟ ಕೂಡಲೇ ಜೀವ ಬರುತ್ತದೆ. ಜೆಟ್‌ನಲ್ಲಿ ಗಾಳಿ ಹಿಂದಿನ ತೂತಿನಿಂದ ಹೊರಗೆ ಹೋಗಿಬಿಡುತ್ತದೆ, ಬಾಲಕ್ಕೆ ಏನೂ ಸಿಗುವುದಿಲ್ಲ. ವೇಗ ಇದ್ದರೆ ಮಾತ್ರ ಹಿಡಿತ. ಜೊತೆಗೆ ಥ್ರಾಟಲ್ ಕೊಟ್ಟದ್ದು ತಡವಾಗಿ ತಲುಪುತ್ತದೆ: ಇಡಿಎಫ್‌ನಲ್ಲಿ ಸುಮಾರು ಒಂದು ಸೆಕೆಂಡು, ಟರ್ಬೈನ್‌ನಲ್ಲಿ ಐಡಲ್‌ನಿಂದ (ಸುಮ್ಮನೆ ಓಡುವ ಕನಿಷ್ಠ ವೇಗದಿಂದ) ಪೂರ್ತಿಗೆ ಮೂರರಿಂದ ಐದು. ಕೆಳಗೆ ಬರುವ ಬಹುತೇಕ ಉತ್ತರಗಳು ಈ ಎರಡು ಸಂಗತಿಗಳಿಂದಲೇ ಹುಟ್ಟಿದವು.

ಪ್ರಶ್ನೆ: ಮೊದಲ ಇಡಿಎಫ್‌ಗೆ ಯಾವ ಅಳತೆ ಸರಿ? ನನಗೆ ಎಫ್-16 ಇಷ್ಟ.

ಎಫ್-16 ಎರಡನೆಯದಾಗಲಿ. ಮೊದಲನೆಯದು ತಕ್ಕಮಟ್ಟಿಗೆ ನೇರವಾದ, ದಪ್ಪ ರೆಕ್ಕೆಯ, ಫ್ಲ್ಯಾಪ್ (ನಿಧಾನದಲ್ಲೂ ಎತ್ತುವ ಬಲ ಹೆಚ್ಚಿಸಲು ಕೆಳಗಿಳಿಸುವ ರೆಕ್ಕೆಯ ಪಟ್ಟಿ) ಇರುವ ಟ್ರೈನರ್ ಅಥವಾ ಸ್ಪೋರ್ಟ್ ಜೆಟ್ ಆಗಿರಲಿ. 70 ಮಿ.ಮೀ. ಫ್ಯಾನಿನಲ್ಲಿ ಇ-ಫ್ಲೈಟ್‌ನ ವೈಪರ್, 80 ಮಿ.ಮೀ.ನಲ್ಲಿ ಫ್ರೀವಿಂಗ್‌ನ ಅವಂತಿ ಎಸ್ ಈ ಜಾತಿಯವು. ಇಂಥವು ನಿಧಾನಕ್ಕೆ ಬಂದಾಗ ಮೊದಲು ಮೂತಿ ಬಗ್ಗಿಸಿ ಎಚ್ಚರಿಕೆ ಕೊಡುತ್ತವೆ. ಹಿಂದಕ್ಕೆ ವಾಲಿದ ಚೂಪು ರೆಕ್ಕೆಯ ಜೆಟ್‌ನಲ್ಲಿ ರೆಕ್ಕೆಯ ತುದಿ ಮೊದಲು ಸ್ಟಾಲ್ ಆಗಬಹುದು, ಅಂದರೆ ಎತ್ತುವ ಬಲ ಕಳೆದುಕೊಳ್ಳಬಹುದು. ಆಗ ಒಂದು ಬದಿ ದಿಢೀರನೆ ಕುಸಿದು ವಿಮಾನ ಮಗುಚುತ್ತದೆ.

ಅಳತೆ ಎಂದರೆ ಫ್ಯಾನಿನ ವ್ಯಾಸ. 64 ಮಿ.ಮೀ. ಸಾಮಾನ್ಯವಾಗಿ 3ಎಸ್ ಅಥವಾ 4ಎಸ್ (ಸರಣಿಯಲ್ಲಿ ಮೂರು ಅಥವಾ ನಾಲ್ಕು ಸೆಲ್) ಬ್ಯಾಟರಿಯಲ್ಲಿ ಓಡುತ್ತದೆ. ಕೈಯಿಂದ ಎಸೆದು ಹಾರಿಸಿ ಹುಲ್ಲಿನ ಮೇಲೆ ಹೊಟ್ಟೆಯಲ್ಲಿ ಇಳಿಸುವಂಥವೂ ಇವೆ. 70 ಮಿ.ಮೀ. 4ಎಸ್ ಅಥವಾ 6ಎಸ್, 80 ಮಿ.ಮೀ. 6ಎಸ್, 90 ಮಿ.ಮೀ. 6ಎಸ್ ಅಥವಾ 8ಎಸ್. ನಿಮ್ಮ ಮೈದಾನದಲ್ಲಿ ಡಾಂಬರು ಅಥವಾ ಕಾಂಕ್ರೀಟ್ ಪಟ್ಟಿ 100 ಮೀಟರ್ ಇದ್ದರೆ 80 ಮಿ.ಮೀ. ಒಳ್ಳೆಯ ಆಯ್ಕೆ: ಕಣ್ಣಿಗೆ ಕಾಣುವಷ್ಟು ದೊಡ್ಡದು, ಗಾಳಿಗೆ ಜಗ್ಗುವುದಿಲ್ಲ. ಬರೀ ಹುಲ್ಲಾದರೆ ಚಕ್ರ ದೊಡ್ಡದಿರುವ, ಕೀಲಿನಲ್ಲಿ ಬಾಗುವ ಕಾಲುಗಳಿರುವ ಮಾಡೆಲ್ಲನ್ನೇ ಹುಡುಕಿ.

ಪ್ರಶ್ನೆ: ಹನ್ನೆರಡು ಎಲೆಯ ಫ್ಯಾನ್ ಹಾಕಿದರೆ ವೇಗ ಹೆಚ್ಚುತ್ತದೆಯೇ?

ಶಬ್ದ ಚೆಂದವಾಗುತ್ತದೆ. ಐದು ಎಲೆಯದು ಕೀಚಲು ದನಿಯಲ್ಲಿ ಅರಚುತ್ತದೆ, ಹನ್ನೆರಡರದು ಜೆಟ್‌ನ ಹಾಗೆ ‘ಹುಶ್’ ಎನ್ನುತ್ತದೆ. ವೇಗಕ್ಕೆ ಬೇರೆ ದಾರಿ ನೋಡಿ.

ಪ್ರಶ್ನೆ: ಪೆಟ್ಟಿಗೆಯ ಮೇಲೆ 5 ನಿಮಿಷ ಹಾರಾಟ ಎಂದಿದೆ. ನನ್ನ 6ಎಸ್ 5000 ಎಂಎಎಚ್ ಬ್ಯಾಟರಿ ಮೂರೂವರೆ ನಿಮಿಷಕ್ಕೇ ಸೋಲುತ್ತದೆ. ಬ್ಯಾಟರಿ ಕೆಟ್ಟಿದೆಯೇ?

ಇರಲಾರದು. 5000 ಎಂಎಎಚ್‌ನಲ್ಲಿ ಬಳಸಬೇಕಾದದ್ದು ಶೇ. 80 ಭಾಗ, ಅಂದರೆ 4 ಆಂಪಿಯರ್-ಗಂಟೆ. ಸರಾಸರಿ 60 ಆಂಪಿಯರ್ ಎಳೆದರೆ ಅದು ಸರಿಯಾಗಿ 4 ನಿಮಿಷ. ಪೂರ್ತಿ ಥ್ರಾಟಲ್‌ನಲ್ಲಿ 90 ಆಂಪಿಯರ್ ಎಳೆಯುವ ಫ್ಯಾನಿಗೆ 2 ನಿಮಿಷ 40 ಸೆಕೆಂಡು. 5 ನಿಮಿಷ ಬೇಕೆಂದರೆ ಸರಾಸರಿ 48 ಆಂಪಿಯರ್ ಮೀರಬಾರದು. ಪೆಟ್ಟಿಗೆಯ ಮೇಲಿನ ಮಾತು ಸುಳ್ಳಲ್ಲ. ನಿಮ್ಮ ಎಡಗೈ ಹೆಬ್ಬೆರಳು ಟ್ರಾನ್ಸ್‌ಮಿಟರ್‌ನ ಥ್ರಾಟಲ್ ಕಡ್ಡಿಯನ್ನು ಮೇಲೇ ಒತ್ತಿ ಹಿಡಿದಿದೆ, ಅಷ್ಟೇ.

ಟೈಮರನ್ನು ಊಹೆಯಿಂದ ಇಡಬೇಡಿ. ಮೊದಲ ಹಾರಾಟಕ್ಕೆ 3 ನಿಮಿಷ ಇಟ್ಟು ಇಳಿಸಿ. ಮತ್ತೆ ಚಾರ್ಜ್ ಮಾಡುವಾಗ ಚಾರ್ಜರ್ ಎಷ್ಟು ಎಂಎಎಚ್ ತುಂಬಿತೆಂದು ಬರೆದುಕೊಳ್ಳಿ. 3000 ತುಂಬಿದ್ದರೆ ನಿಮಿಷಕ್ಕೆ 1000 ಖರ್ಚು, 4 ನಿಮಿಷವೇ ಗಡಿ. ಆಗ ಟೈಮರ್ ಮೂರೂವರೆ ನಿಮಿಷಕ್ಕೆ ಕೂಗಬೇಕು. ಉಳಿದ ಅರ್ಧ ನಿಮಿಷ ಲ್ಯಾಂಡಿಂಗ್ ತಪ್ಪಿದರೆ ಇನ್ನೊಂದು ಸುತ್ತು ಬರಲಿಕ್ಕೆ; ಮೋಜಿನ ಓಟಕ್ಕಲ್ಲ. ಇಳಿದು ಕೆಲ ನಿಮಿಷ ಬಿಟ್ಟು ಅಳೆದಾಗ ಪ್ರತಿ ಸೆಲ್ 3.7 ವೋಲ್ಟ್ ಆಸುಪಾಸಿನಲ್ಲಿರಲಿ.

ಬ್ಯಾಟರಿಯ ಮೇಲಿನ ‘ಸಿ’ ಸಂಖ್ಯೆಯನ್ನೂ (ಸಾಮರ್ಥ್ಯದ ಎಷ್ಟು ಪಟ್ಟು ವಿದ್ಯುತ್ ಎಳೆಯಬಹುದೆಂಬುದು) ಗುಣಿಸಿ ನೋಡಿ: 5 ಆಂಪಿಯರ್-ಗಂಟೆಗೆ 30ಸಿ ಎಂದರೆ ಕಾಗದದ ಮೇಲೆ 150 ಆಂಪಿಯರ್. ಲೇಬಲ್‌ಗಳು ಉದಾರಿಗಳು, ಹಾಗಾಗಿ ನಿಮಗೆ ಬೇಕಾದ್ದರ ದುಪ್ಪಟ್ಟಾದರೂ ಇರಲಿ. ಬ್ಯಾಟರಿಯ ನಿಜವಾದ ಆರೋಗ್ಯ ತೋರಿಸುವುದು ಆಂತರಿಕ ರೋಧ. ಹೊಸತರಲ್ಲಿ ಪ್ರತಿ ಸೆಲ್‌ನ ಮಿಲಿಓಮ್ ಬರೆದಿಡಿ. ಒಂದು ಸೆಲ್ ಮಾತ್ರ ಉಳಿದವಕ್ಕಿಂತ ದುಪ್ಪಟ್ಟಾದ ದಿನ ಆ ಬ್ಯಾಟರಿಯನ್ನು ಜೆಟ್‌ನಿಂದ ನಿವೃತ್ತಿಗೊಳಿಸಿ. ಪೂರ್ತಿ ಚಾರ್ಜ್ ಮಾಡಿ ವಾರಗಟ್ಟಲೆ ಇಡುವುದು ಬ್ಯಾಟರಿ ಊದಿಕೊಳ್ಳಲು ಒಂದು ಮುಖ್ಯ ಕಾರಣ. ಮೈದಾನಕ್ಕೆ ಹೋಗದಿದ್ದರೆ ಸೆಲ್‌ಗೆ 3.8 ವೋಲ್ಟ್‌ಗೆ ಇಳಿಸಿಡಿ.

ಪ್ರಶ್ನೆ: ಇಎಸ್‌ಸಿಯಿಂದ (ಮೋಟರ್‌ನ ವೇಗ ನಿಯಂತ್ರಕದಿಂದ) ಬ್ಯಾಟರಿವರೆಗೆ ತಂತಿ ಸಾಲಲಿಲ್ಲ; 25 ಸೆಂ.ಮೀ. ಉದ್ದ ಮಾಡಿದೆ. ಎರಡೇ ಹಾರಾಟದಲ್ಲಿ ಇಎಸ್‌ಸಿ ಸುಟ್ಟಿತು.

ಉದ್ದ ಮಾಡಬೇಕಾದದ್ದು ಮೋಟರ್ ಕಡೆಯ ಮೂರು ತಂತಿ. ಇಎಸ್‌ಸಿ ಸೆಕೆಂಡಿಗೆ ಸಾವಿರಾರು ಸಲ ವಿದ್ಯುತ್ತನ್ನು ಕಡಿದು ಜೋಡಿಸುತ್ತಿರುತ್ತದೆ. ಬ್ಯಾಟರಿ ಕಡೆಯ ತಂತಿ ಉದ್ದವಾದಷ್ಟೂ ಪ್ರತಿ ಕಡಿತಕ್ಕೂ ವೋಲ್ಟೇಜ್ ಚಿಮ್ಮುತ್ತದೆ, ಒಳಗಿನ ಕೆಪಾಸಿಟರ್‌ಗಳು ಕಾದು ಸಾಯುತ್ತವೆ. ಬೇರೆ ದಾರಿಯೇ ಇಲ್ಲದಿದ್ದರೆ ಇಎಸ್‌ಸಿಯ ಹತ್ತಿರವೇ ಹೆಚ್ಚುವರಿ ಕೆಪಾಸಿಟರ್ ಬೆಸೆಯಿರಿ. 6ಎಸ್‌ಗೆ ಕಿಡಿ ತಡೆಯುವ ಎಕ್ಸ್‌ಟಿ90 ಕನೆಕ್ಟರ್ ಹಾಕಿದರೆ ಪಿನ್‌ಗಳೂ ಕರಕಲಾಗುವುದಿಲ್ಲ.

ಪ್ರಶ್ನೆ: ರನ್‌ವೇ ಮುಗಿಯುವವರೆಗೂ ಓಡುತ್ತದೆ, ಮೂತಿ ಏಳುವುದಿಲ್ಲ. ಎಲಿವೇಟರ್ ಪೂರ್ತಿ ಎಳೆದರೆ ಒಮ್ಮೆಗೇ ಜಿಗಿದು ಪಕ್ಕಕ್ಕೆ ಬೀಳುತ್ತದೆ.

ಮೊದಲು ನಿಂತಲ್ಲೇ ಪಕ್ಕದಿಂದ ನೋಡಿ. ಮೂತಿಯ ಕಾಲು ಗಿಡ್ಡವಾಗಿ ವಿಮಾನ ನೆಲ ನೋಡುತ್ತಾ ನಿಂತಿದ್ದರೆ ರೆಕ್ಕೆ ಅದನ್ನು ಕೆಳಗೇ ಒತ್ತುತ್ತದೆ. ಮುಂದಿನ ಕಾಲನ್ನು ಕೆಲವು ಮಿ.ಮೀ. ಎತ್ತರಿಸಿ, ಮೂತಿ ಒಂದೆರಡು ಡಿಗ್ರಿ ಮೇಲಿರುವಂತೆ ಮಾಡಿ. ಇನ್ನೊಂದು ಕಾರಣ, ಹಿಂದಿನ ಚಕ್ರಗಳು ತೂಕದ ಕೇಂದ್ರದಿಂದ ತೀರಾ ಹಿಂದಿರುವುದು. ಆಗ ಬಾಲವನ್ನು ಒತ್ತಿ ಮೂತಿ ಎತ್ತಲು ಬಹಳ ಬಲ ಬೇಕು. ವೇಗ ಬರುವವರೆಗೆ ಆ ಬಲ ಎಲಿವೇಟರ್‌ಗಿಲ್ಲ. ಬಂದಾಗ ಒಮ್ಮೆಗೇ ಬರುತ್ತದೆ, ನೀವೋ ಕಡ್ಡಿ ಪೂರ್ತಿ ಎಳೆದೇ ಕೂತಿರುತ್ತೀರಿ. ಆ ಜಿಗಿತ ಇದೇ.

ಅರ್ಧ ಫ್ಲ್ಯಾಪ್ ಹಾಕಿ, ಕಾಲು ಭಾಗ ಎಲಿವೇಟರ್ ಮಾತ್ರ ಹಿಡಿದು ಓಡಿಸಿ. ಎದ್ದ ಮೇಲೆ ಚೂಪಾಗಿ ಏರಿಸಬೇಡಿ. ತಗ್ಗಿನಲ್ಲೇ ವೇಗ ಕೂಡಿಕೊಳ್ಳಲಿ, ಗೇರ್ (ಚಕ್ರದ ಕಾಲುಗಳು) ಮಡಚಲಿ, ಆಮೇಲೆ ಏರಲಿ.

ಪ್ರಶ್ನೆ: ಪ್ರೊಪೆಲ್ಲರ್ ವಿಮಾನವನ್ನು ಚೆನ್ನಾಗಿಯೇ ಇಳಿಸುತ್ತೇನೆ. 80 ಮಿ.ಮೀ. ಜೆಟ್ ಮಾತ್ರ ಪ್ರತಿ ಸಲ ರನ್‌ವೇಗೆ ಮುನ್ನವೇ ಧೊಪ್ಪೆಂದು ಬಿದ್ದು ಕಾಲು ಮುರಿದುಕೊಳ್ಳುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಥ್ರಾಟಲ್ ಪೂರ್ತಿ ಇಳಿಸಿ ತೇಲಿಸುವ ಹಳೆಯ ಅಭ್ಯಾಸದಲ್ಲಿ. ಜೆಟ್‌ನ ಭಾರ, ಇಳಿಬಿಟ್ಟ ಗೇರ್, ಫ್ಲ್ಯಾಪ್, ಸುಮ್ಮನೆ ನಿಂತ ಫ್ಯಾನ್ ಎಲ್ಲ ಸೇರಿ ವೇಗವನ್ನು ನುಂಗುತ್ತವೆ. ಬೀಳುತ್ತಿದೆ ಎಂದು ಕಂಡಾಗ ಕೊಟ್ಟ ಥ್ರಾಟಲ್ ಒಂದು ಸೆಕೆಂಡಿನ ಮೇಲೆ ತಲುಪುತ್ತದೆ, ಅಷ್ಟರಲ್ಲಿ ಕಾಲು ಹೋಗಿರುತ್ತದೆ.

ಮುಂದಿನ ಹಾರಾಟದಲ್ಲಿ ಇಳಿಯುವ ಮುನ್ನ ಒಂದು ಪ್ರಯೋಗ ಮಾಡಿ. 60 ಮೀಟರ್‌ಗೂ ಎತ್ತರದಲ್ಲಿ ಗಾಳಿಗೆದುರಾಗಿ ಗೇರ್ ಮತ್ತು ಪೂರ್ತಿ ಫ್ಲ್ಯಾಪ್ ಇಳಿಸಿ. ಥ್ರಾಟಲ್ ಸ್ವಲ್ಪ ಸ್ವಲ್ಪವೇ ತಗ್ಗಿಸುತ್ತಾ, ಎತ್ತರ ಕಳೆದುಕೊಳ್ಳದೆ ಮೂತಿ ತುಸು ಮೇಲೆತ್ತಿ ಹಾರುವ ಸ್ಥಿತಿಗೆ ತನ್ನಿ. ಆಗ ಕಡ್ಡಿ ಎಲ್ಲಿದೆ? ಅರ್ಧಕ್ಕಿಂತ ಅಷ್ಟೇನೂ ಕೆಳಗಿರದೆ ನಿಮಗೆ ಆಶ್ಚರ್ಯವಾಗಬಹುದು. ಆ ಜಾಗ ಬೆರಳಿಗೆ ನೆನಪಿರಲಿ. ಅಲ್ಲಿಂದ ಎರಡು ಮೂರು ಕ್ಲಿಕ್ ಕೆಳಗೆ ನಿಮ್ಮ ಇಳಿಯುವ ಥ್ರಾಟಲ್. ಫ್ಲ್ಯಾಪ್ ಬಿಟ್ಟಾಗ ಮೂತಿ ಏಳುತ್ತದೋ ಬಗ್ಗುತ್ತದೋ ಎಂಬುದೂ ಅಲ್ಲೇ ತಿಳಿಯುತ್ತದೆ. ಅದಕ್ಕೆ ತಕ್ಕ ಎಲಿವೇಟರ್ ಮಿಕ್ಸನ್ನು (ಫ್ಲ್ಯಾಪ್ ಜೊತೆ ಎಲಿವೇಟರ್ ತಾನೇ ಆಡುವ ಸೆಟ್ಟಿಂಗ್) ಟ್ರಾನ್ಸ್‌ಮಿಟರ್‌ನಲ್ಲಿ ಹಾಕಿ. ಇನ್ನೂ ನಿಧಾನಿಸಿ, ಸ್ಟಾಲ್ ಆಗುವಾಗ ಯಾವ ರೆಕ್ಕೆ ಮೊದಲು ಕುಸಿಯುತ್ತದೆ ಎಂಬುದನ್ನೂ ಮೇಲೆಯೇ ನೋಡಿಕೊಳ್ಳಿ.

ಈಗ ಇಳಿಯುವುದು. ಗಾಳಿಯ ಬೆನ್ನಿಗೆ ಹೋಗುವಾಗಲೇ ಗೇರ್ ಇಳಿಸಿ, ಮೂರೂ ಕಾಲು ಬಂದಿವೆಯೇ ಎಂದು ಜೊತೆಗಿರುವವರಿಂದ ಹೇಳಿಸಿಕೊಳ್ಳಿ. ತಿರುವು ಅಗಲವಾಗಿರಲಿ, ವಾಲು 30 ಡಿಗ್ರಿ ದಾಟದಿರಲಿ. 46 ಕಿ.ಮೀ.ಗೆ ಸ್ಟಾಲ್ ಆಗುವ ವಿಮಾನ 30 ಡಿಗ್ರಿ ವಾಲಿನಲ್ಲಿ ಸುಮಾರು 50ಕ್ಕೆ ಸ್ಟಾಲ್ ಆಗುತ್ತದೆ. 60 ಡಿಗ್ರಿಗೆ ವಾಲಿಸಿ ಎಳೆದರೆ 65ಕ್ಕೇ. ರನ್‌ವೇ ತಪ್ಪಿತೆಂದು ಕೊನೆಯ ತಿರುವಿನಲ್ಲಿ ಜಗ್ಗಿ ತಿರುಗಿಸಿದ ಜೆಟ್‌ಗಳು ಮಗುಚುವುದು ಇದರಿಂದಲೇ. ತಪ್ಪಿದರೆ ತಪ್ಪಲಿ, ಇನ್ನೊಂದು ಸುತ್ತು ಬನ್ನಿ.

ನೇರವಾದ ಮೇಲೆ ಮೂತಿಯನ್ನು ಎಲಿವೇಟರ್‌ನಿಂದ ಒಂದೇ ಭಂಗಿಯಲ್ಲಿ ಹಿಡಿದಿಡಿ. ಏರಿಳಿತವನ್ನು ಥ್ರಾಟಲ್ ನೋಡಿಕೊಳ್ಳಲಿ: ಗಿಡ್ಡ ಬೀಳುತ್ತಿದ್ದರೆ ಒಂದೆರಡು ಕ್ಲಿಕ್ ಮೇಲೆ, ಉದ್ದವಾಗುತ್ತಿದ್ದರೆ ಕೆಳಗೆ. ರನ್‌ವೇ ಅಂಚು ದಾಟಿ ಮೊಣಕಾಲೆತ್ತರಕ್ಕೆ ಬರುವವರೆಗೆ ಪೂರ್ತಿ ತೆಗೆಯಬೇಡಿ. ಚಕ್ರ ಮುಟ್ಟಿ ಪುಟಿದರೆ ಎಲಿವೇಟರ್ ಕೆಳಗೊತ್ತಬೇಡಿ. ಒತ್ತಿದರೆ ಎರಡನೇ ಸಲ ಮೂತಿಯ ಕಾಲೇ ಮೊದಲು ನೆಲಕ್ಕೆ ಬಡಿದು, ಮೂರನೆಯ ಪುಟಿತ ಇನ್ನೂ ಎತ್ತರಕ್ಕೆ ಹೋಗುತ್ತದೆ. ಸಣ್ಣ ಪುಟಿತವಾದರೆ ಭಂಗಿ ಹಿಡಿದು ಕಾಯಿರಿ, ದೊಡ್ಡದಾದರೆ ಥ್ರಾಟಲ್ ಕೊಟ್ಟು ಹೊರಟುಬಿಡಿ.

ಪ್ರಶ್ನೆ: ಮೊದಲ ಹಾರಾಟಕ್ಕೆ ಮುನ್ನ ಏನೇನು ನೋಡಬೇಕು? ರೇಡಿಯೊಗೆ ಎಷ್ಟು ಚಾನೆಲ್ ಬೇಕು?

ಎಂಟು ಚಾನೆಲ್ ಇದ್ದರೆ ನೆಮ್ಮದಿ: ಏಲರಾನ್, ಎಲಿವೇಟರ್, ರಡ್ಡರ್, ಥ್ರಾಟಲ್, ಗೇರ್, ಫ್ಲ್ಯಾಪ್, ಗೈರೊ ಸ್ವಿಚ್, ಇನ್ನೊಂದು ಬಿಡುವಿಗೆ.

ಗೈರೊ ದಿಕ್ಕನ್ನು ಕೈಯಾರೆ ನೋಡದೆ ಯಾರೂ ಹಾರಿಸಬಾರದು. ವಿಮಾನವನ್ನು ಎತ್ತಿ ಹಿಡಿದು ಬಲರೆಕ್ಕೆಯನ್ನು ಸರಕ್ಕನೆ ಮೇಲೆತ್ತಿ. ಬಲ ಏಲರಾನ್ ಮೇಲೇಳಬೇಕು. ಮೂತಿ ಎತ್ತಿದರೆ ಎಲಿವೇಟರ್ ಕೆಳಗೆ ಹೋಗಬೇಕು. ಮೂತಿಯನ್ನು ಎಡಕ್ಕೆ ನೂಕಿದರೆ ರಡ್ಡರ್ ಬಲಕ್ಕೆ ತಿರುಗಬೇಕು. ಒಂದೇ ಒಂದು ಉಲ್ಟಾ ಇದ್ದರೂ ನೆಲ ಬಿಟ್ಟ ಕೂಡಲೇ ಗೈರೊ ವಿಮಾನವನ್ನು ತಾನೇ ಉರುಳಿಸುತ್ತದೆ. ಕಡ್ಡಿ ಆಡಿಸಿ ನೋಡಿದರೆ ಈ ತಪ್ಪು ಗೊತ್ತಾಗುವುದಿಲ್ಲ, ಕಡ್ಡಿಗೆ ಎಲ್ಲವೂ ಸರಿಯಾಗಿಯೇ ಆಡುತ್ತದೆ.

ತೂಕದ ಕೇಂದ್ರವನ್ನು ಬ್ಯಾಟರಿ ಇಟ್ಟೇ ನೋಡಿ. 3 ಕಿಲೊ ವಿಮಾನದಲ್ಲಿ 750 ಗ್ರಾಂ ಬ್ಯಾಟರಿ 3 ಸೆಂ.ಮೀ. ಹಿಂದೆ ಜಾರಿದರೆ ಕೇಂದ್ರ ಏಳೂವರೆ ಮಿ.ಮೀ. ಹಿಂದಾಗುತ್ತದೆ, ಸಾಧು ವಿಮಾನ ಹುಚ್ಚೇಳಲು ಅಷ್ಟು ಸಾಕು. ಬ್ಯಾಟರಿ ಕೂರುವ ಜಾಗಕ್ಕೆ ಗೆರೆ ಎಳೆದು, ಪಟ್ಟಿ ಬಿಗಿಯಿರಿ. ಸಂಶಯವಿದ್ದರೆ ಮೂತಿಯ ಕಡೆ ತುಸು ಭಾರವಿರಲಿ.

ಎಕ್ಸ್‌ಪೊ (ಕಡ್ಡಿಯ ನಡುಭಾಗವನ್ನು ಮೃದುವಾಗಿಸುವ ಸೆಟ್ಟಿಂಗ್) ಶೇ. 20ರಿಂದ 30 ಹಾಕಿ. ಚಿಹ್ನೆಯ ಬಗ್ಗೆ ಎಚ್ಚರ: ಫ್ಯುಟಾಬಾ ಟ್ರಾನ್ಸ್‌ಮಿಟರ್‌ನಲ್ಲಿ ಕಡ್ಡಿಯ ನಡು ಮೃದುವಾಗಲು ಋಣ ಸಂಖ್ಯೆ, ಸ್ಪೆಕ್ಟ್ರಂನಲ್ಲಿ ಧನ ಸಂಖ್ಯೆ. ಗೆಳೆಯರ ಸೆಟ್ಟಿಂಗನ್ನು ಹಾಗೇ ನಕಲು ಮಾಡಿದರೆ ನಡುಭಾಗ ಕತ್ತಿಯ ಅಲಗಾಗುತ್ತದೆ. ರೇಂಜ್ (ರೇಡಿಯೊ ತಲುಪುವ ದೂರ) ಪರೀಕ್ಷೆಯನ್ನು ಮೋಟರ್ ಓಡಿಸಿಯೂ ಮಾಡಿ. ಫೇಲ್‌ಸೇಫ್‌ನಲ್ಲಿ (ರೇಡಿಯೊ ಸಂಪರ್ಕ ತಪ್ಪಿದಾಗ) ಮೋಟರ್ ನಿಲ್ಲಬೇಕು: ವಿಮಾನವನ್ನು ಭದ್ರವಾಗಿ ಹಿಡಿಸಿ, ತುಸು ಥ್ರಾಟಲ್‌ನಲ್ಲಿ ಟ್ರಾನ್ಸ್‌ಮಿಟರ್ ಆರಿಸಿ ಕಣ್ಣಾರೆ ನೋಡಿ. ಅದಕ್ಕೂ ಮೊದಲು ಗಾಳಿ ಒಳಹೋಗುವ ಬಾಯಿಯ ಮುಂದೆ ಕಲ್ಲು, ಹುಲ್ಲು, ಟೋಪಿಯ ದಾರ ಏನೂ ಇರದಿರಲಿ.

ಪ್ರಶ್ನೆ: ಇಡಿಎಫ್ ಎರಡು ವರ್ಷ ಹಾರಿಸಿದ್ದೇನೆ. ಟರ್ಬೈನ್‌ಗೆ ಎಂಜಿನ್ ಬಿಟ್ಟು ಏನೇನು ಬೇಕು? ಹೊತ್ತಿಸುವುದು ಅಪಾಯವೇ?

ಎಂಜಿನ್ ಜೊತೆಗೇ ಇಸಿಯು (ಎಂಜಿನ್ ನಡೆಸುವ ಎಲೆಕ್ಟ್ರಾನಿಕ್ ನಿಯಂತ್ರಕ), ಇಂಧನ ಪಂಪ್, ವಾಲ್ವ್‌ಗಳು ಬರುತ್ತವೆ. ಕೆಲವದರಲ್ಲಿ ಪಂಪ್, ವಾಲ್ವ್ ಒಳಗೇ ಅಡಗಿರುತ್ತವೆ. ನೀವು ಸೇರಿಸಬೇಕಾದವು: ಇಸಿಯುಗೆ ಪ್ರತ್ಯೇಕ ಬ್ಯಾಟರಿ, ಮುಖ್ಯ ಟ್ಯಾಂಕ್, ಗುಳ್ಳೆ ಹಿಡಿಯುವ ಚಿಕ್ಕ ಟ್ಯಾಂಕ್, ಫಿಲ್ಟರ್, ಬ್ರೇಕ್ ಇರುವ ಗೇರ್. ಬ್ರೇಕ್ ಅಲಂಕಾರವಲ್ಲ. ಟರ್ಬೈನ್ ಐಡಲ್‌ನಲ್ಲೂ ತಳ್ಳುತ್ತಲೇ ಇರುತ್ತದೆ, ವಿಮಾನ ನಿಂತಲ್ಲಿ ನಿಲ್ಲುವುದಿಲ್ಲ.

ಎಂಜಿನ್ ಹೆಸರಿನ ಸಂಖ್ಯೆ ಬಹುಮಟ್ಟಿಗೆ ನ್ಯೂಟನ್‌ನಲ್ಲಿ ತಳ್ಳುಬಲ. 100 ಎಂದರೆ ಸುಮಾರು 10 ಕಿಲೊ. ಈ ಅಳತೆಯದು ಪೂರ್ತಿ ವೇಗದಲ್ಲಿ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತಿನ ಆಸುಪಾಸು ತಿರುಗಿ, ಸುಮಾರು 350 ಮಿ.ಲೀ. ಇಂಧನ ಸುಡುತ್ತದೆ. ಇಂಧನವೆಂದರೆ ಸೀಮೆಎಣ್ಣೆ ಅಥವಾ ಜೆಟ್ ಎ1, ಅದರೊಳಗೆ ಟರ್ಬೈನ್ ಎಣ್ಣೆ. 20 ಲೀಟರ್‌ಗೆ 1 ಲೀಟರ್ ಸಾಮಾನ್ಯ ಪ್ರಮಾಣ, ಕೈಪಿಡಿ ಬೇರೆ ಹೇಳಿದರೆ ಅದೇ ಅಂತಿಮ. ಬೇರಿಂಗ್‌ಗಳಿಗೆ ಎಣ್ಣೆ ಹೋಗುವುದು ಇಂಧನದ ಮೂಲಕವೇ. ಬೆರೆಸಲು ಮರೆತರೆ ಬೇರಿಂಗ್ ಸಾಯುತ್ತದೆ. ಆ ಎಣ್ಣೆ ವಿಷ, ಕೈಗವಸು ಹಾಕಿ.

ಹೊತ್ತಿಸುವಾಗ ಮೂತಿ ಗಾಳಿಗೆದುರಾಗಿರಲಿ. ಬಾಲದಿಂದ ಗಾಳಿ ನುಗ್ಗಿದರೆ ಉರಿ ಒಳಗೇ ಉಳಿದು ಎಂಜಿನ್ ಮಿತಿಮೀರಿ ಕಾಯುತ್ತದೆ. ಹಿಂದೆಯಾಗಲಿ, ಎಂಜಿನ್‌ನ ನೇರ ಪಕ್ಕದಲ್ಲಾಗಲಿ ಯಾರೂ ನಿಲ್ಲಬಾರದು. ಇಂಗಾಲದ ಡೈಆಕ್ಸೈಡ್ ತುಂಬಿದ ಅಗ್ನಿಶಾಮಕ ಹಿಡಿದ ಒಬ್ಬರು ಮೂತಿಯ ಕಡೆ ಇರಲಿ. ಪುಡಿಯ ಅಗ್ನಿಶಾಮಕ ಬೆಂಕಿಯ ಜೊತೆ ಎಂಜಿನ್ನನ್ನೂ ಮುಗಿಸುತ್ತದೆ. ಸ್ಟಾರ್ಟರ್ ತಿರುಗಿಸುವುದು, ಹೊತ್ತಿಸುವುದು, ಐಡಲ್‌ಗೆ ತರುವುದು ಎಲ್ಲ ಇಸಿಯು ಪಾಲು. ನೀವು ತಾಪಮಾನ ನೋಡುತ್ತಾ ನಿಲ್ಲಿಸಲು ಸಿದ್ಧರಿರಬೇಕು. ಒಂದು ಸಲ ಹೊತ್ತದಿದ್ದರೆ ಕೂಡಲೇ ಮತ್ತೆ ಗುಂಡಿ ಒತ್ತಬೇಡಿ. ಒಳಗೆ ಸುರಿದ ಇಂಧನ ಕೂತಿರುತ್ತದೆ, ಎರಡನೇ ಸಲ ಅದೆಲ್ಲ ಒಟ್ಟಿಗೆ ಉರಿದು ಬಾಲದಿಂದ ಮಾರುದ್ದ ಜ್ವಾಲೆ ಬರುತ್ತದೆ. ಕೈಪಿಡಿ ಹೇಳಿದಂತೆ ವಿಮಾನವನ್ನು ಓರೆ ಮಾಡಿ ಇಂಧನ ಹೊರಸುರಿದು, ಒರೆಸಿ, ಆಮೇಲೆ ಪ್ರಯತ್ನಿಸಿ.

ಹಾರಾಟ ಮುಗಿದು ಎಂಜಿನ್ ಆರಿಸಿದ ಮೇಲೆ ಸ್ಟಾರ್ಟರ್ ತಾನೇ ಬಿಟ್ಟುಬಿಟ್ಟು ತಿರುಗುತ್ತಿರುತ್ತದೆ. ಅದು ತಣಿಸುವ ಕ್ರಮ. ಮುಗಿಯುವವರೆಗೆ ಸ್ವಿಚ್ ಆರಿಸಬೇಡಿ. ಇನ್ನು ಅನುಮತಿ: ಅನೇಕ ದೇಶಗಳ ಮಾಡೆಲ್ ವಿಮಾನ ಸಂಘಗಳು ಟರ್ಬೈನ್‌ಗೆ ಪ್ರತ್ಯೇಕ ಪರೀಕ್ಷೆ ಕೇಳುತ್ತವೆ. ಕೊಳ್ಳುವ ಮುನ್ನವೇ ವಿಚಾರಿಸಿ.

ಪ್ರಶ್ನೆ: ನೆಲದ ಮೇಲೆ ಚೆನ್ನಾಗಿ ಓಡುವ ಟರ್ಬೈನ್ ಮೇಲೆ ಹೋಗಿ ಎರಡು ಮೂರು ನಿಮಿಷಕ್ಕೆ ಆರಿಹೋಗುತ್ತದೆ.

ಗಾಳಿಗುಳ್ಳೆ. ಅದೂ ಪಂಪ್‌ಗೆ ಮುಂಚಿನ, ಹೀರುವ ಕಡೆಯಲ್ಲಿ ಹುಡುಕಿ. ಅಲ್ಲಿ ಕೂದಲೆಳೆಯ ಸಂದಿದ್ದರೂ ಇಂಧನ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಬರುತ್ತದೆ. ಹಾಗಾಗಿ ಒರೆಸಿ ನೋಡಿದ ಬಟ್ಟೆ ಒದ್ದೆಯಾಗದೆ ಮೋಸವಾಗುತ್ತದೆ. ಕೊಳವೆಯ ತುದಿಗಳನ್ನು ಹೊಸ ಬ್ಲೇಡಿನಿಂದ ನೇರ ಕತ್ತರಿಸಿ ಮತ್ತೆ ಜೋಡಿಸಿ. ಟ್ಯಾಂಕಿನೊಳಗಿನ ತೂಗುಕೊಳವೆ ಬಿರಿದಿದೆಯೇ, ಮಡಚಿಕೊಂಡಿದೆಯೇ ನೋಡಿ. ಟ್ಯಾಂಕಿಗೆ ಗಾಳಿ ಬಿಡುವ ತೂತು ಕಟ್ಟಿದ್ದರೂ ಇದೇ ಲಕ್ಷಣ. ಕೊನೆಗೆ, ಗುಳ್ಳೆ ಹಿಡಿಯುವ ಟ್ಯಾಂಕ್ ಹಾರಾಟದ ಆರಂಭದಲ್ಲಿ ಅಂಚಿನವರೆಗೆ ತುಂಬಿತ್ತೇ? ಇಳಿದಾಗಲೂ ತುಂಬಿಯೇ ಇರಬೇಕು. ಅರ್ಧ ಖಾಲಿಯಾಗಿದ್ದರೆ ಸಂದು ಅದಕ್ಕೂ ಮುಂಚಿನ ದಾರಿಯಲ್ಲಿದೆ.

ಪ್ರಶ್ನೆ: ಬಳಸಿದ ಟರ್ಬೈನ್ ಕೊಳ್ಳಬಹುದೇ?

ಇಸಿಯು ಎಂಜಿನ್ ಓಡಿದ ಗಂಟೆಗಳ ಲೆಕ್ಕ ಇಟ್ಟಿರುತ್ತದೆ. ಮಾರುವವರ ಮಾತಿಗಿಂತ ಅದನ್ನು ನಂಬಿ. ಸರ್ವೀಸ್ ಸಾಮಾನ್ಯವಾಗಿ 25ರಿಂದ 50 ಗಂಟೆಗೊಮ್ಮೆ, ಕೊನೆಯದು ಯಾವಾಗ ಆಯಿತೆಂಬ ಕಾಗದ ಕೇಳಿ. ಎಂಜಿನ್ ತಣ್ಣಗಿದ್ದಾಗ ಕಂಪ್ರೆಸರ್ ಎಲೆಗಳನ್ನು ಟಾರ್ಚ್ ಹಾಕಿ ನೋಡಿ, ಅಂಚಿನಲ್ಲಿ ಒಂದು ಚಿಕ್ಕ ಕಚ್ಚು ಇದ್ದರೂ ಬಿಡಿ. ನಿಮ್ಮ ಕಣ್ಣೆದುರೇ ಹೊತ್ತಿಸಿ, ಪೂರ್ತಿ ವೇಗಕ್ಕೆ ಒಯ್ದು, ಆರಿಸಲು ಹೇಳಿ. ಆರಿಸಿದ ಮೇಲೆ ಚಕ್ರ ನಿಲ್ಲುವ ಸದ್ದಿಗೆ ಕಿವಿಗೊಡಿ: ಸಣ್ಣಗೆ ಸಿಳ್ಳೆ ಹೊಡೆಯುತ್ತಾ ನಿಧಾನವಾಗಿ ನಿಂತರೆ ಸರಿ, ಗರಗರ ಎಂದು ತಟ್ಟನೆ ನಿಂತರೆ ಬೇರಿಂಗ್ ಹೋಗಿದೆ.